ಜೀನೋಟೈಪ್ ವರದಿ ಬರುವವರೆಗೆ ಕಾಯಬೇಕೇ?

ಪ್ರಶ್ನೆ: ನನ್ನ ತಾಯಿಗೆ 52 ವರ್ಷ. ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗೆ ಮೊದಲು ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಪಾಸಿಟಿವ್ ಬಂತು. ಆಮೇಲೆ ಆರ್‌ಎನ್‌ಎ ಪರೀಕ್ಷೆ ಮಾಡಿಸಿದಾಗ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ಸಿನ ಪ್ರಮಾಣ) 8,40,000 ಇತ್ತು. ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ 68, ಎಎಲ್‌ಟಿ 81, ಪ್ಲೇಟ್‌ಲೆಟ್ 1.9 ಲಕ್ಷ. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಬಿಟ್ಟರೆ ಬೇರೆ ತೊಂದರೆ ಬರೆದಿಲ್ಲ. ಜೀನೋಟೈಪ್ ತಿಳಿದ ಮೇಲೆ ಮಾತ್ರ ಔಷಧ ಆರಂಭಿಸಬಹುದೆಂದು ವೈದ್ಯರು ಹೇಳಿದರು. ಆ ಪರೀಕ್ಷೆ ನಮ್ಮ ಊರಿನಲ್ಲಿ ಇಲ್ಲ, ಜಿಲ್ಲಾ ಕೇಂದ್ರದಲ್ಲೂ ಇಲ್ಲ. ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಎನ್ನುತ್ತಾರೆ. ಒಂದು ಖಾಸಗಿ ಲ್ಯಾಬಿನವರು ಐಎಲ್28ಬಿ ಎಂಬ ಜೆನೆಟಿಕ್ ಪರೀಕ್ಷೆಯನ್ನೂ ಸೇರಿಸಿ ಪ್ಯಾಕೇಜ್ ಕೊಡುವುದಾಗಿ ಹೇಳಿದ್ದಾರೆ. ಜೆನೆಟಿಕ್ ಎಂದಮೇಲೆ ಇದು ನಮಗೂ ವಂಶದಿಂದ ಬರುವ ಕಾಯಿಲೆಯೇ? ತಾಯಿಯವರನ್ನು ಇಷ್ಟು ದೂರ ಕರೆದೊಯ್ಯಲೇಬೇಕೇ? — ಹೆಸರು ಬೇಡ, ಸಿಂಧನೂರು

ಉತ್ತರ: ಮೊದಲು ನಿಮ್ಮ ಭಯವನ್ನು ನಿವಾರಿಸುತ್ತೇನೆ. ಹೆಪಟೈಟಿಸ್ ಸಿ ವಂಶವಾಹಿ ಕಾಯಿಲೆ ಅಲ್ಲ. ಅದು ರಕ್ತದಿಂದ ರಕ್ತಕ್ಕೆ ದಾಟುವ ವೈರಸ್. ಸರಿಯಾಗಿ ಶುದ್ಧಗೊಳಿಸದ ಸೂಜಿ, ಸಿರಿಂಜ್ ಹಾಗೂ ಶಸ್ತ್ರಚಿಕಿತ್ಸೆಯ ಉಪಕರಣಗಳು, ಮತ್ತು ದಾನಿಗಳ ರಕ್ತವನ್ನು ಈ ವೈರಸ್‌ಗಾಗಿ ಪರೀಕ್ಷಿಸುವ ನಿಯಮ ಬರುವ ಮೊದಲು ಕೊಟ್ಟ ರಕ್ತ ಇದರ ಮುಖ್ಯ ದಾರಿಗಳು. ಜತೆಯಲ್ಲಿ ಊಟ ಮಾಡುವುದರಿಂದ ಅಥವಾ ಮುಟ್ಟುವುದರಿಂದ ಇದು ಹರಡುವುದಿಲ್ಲ. ಸೋಂಕಿರುವ ತಾಯಿಯಿಂದ ಹೆರಿಗೆಯ ಸಮಯದಲ್ಲಿ ಮಗುವಿಗೆ ದಾಟುವ ಸಾಧ್ಯತೆ ಸ್ವಲ್ಪ ಇರುವುದರಿಂದ, ನೀವು ಮತ್ತು ನಿಮ್ಮ ಒಡಹುಟ್ಟಿದವರು ಒಮ್ಮೆ ಸಾಮಾನ್ಯ ಆಂಟಿಬಾಡಿ ಪರೀಕ್ಷೆ ಮಾಡಿಸಿಕೊಂಡರೆ ಸಾಕು.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳು ಕಲಸಿಹೋಗಿವೆ. ಜೀನೋಟೈಪ್ ಪರೀಕ್ಷೆ ವೈರಸ್ಸಿನ ತಳಿಯನ್ನು ಗುರುತಿಸುತ್ತದೆ. ಐಎಲ್28ಬಿ ಪರೀಕ್ಷೆ ನೋಡುವುದು ರೋಗಿಯ ಜೀನನ್ನು. ಎರಡನೆಯದರ ಬಗ್ಗೆ ಖಚಿತವಾಗಿ ಹೇಳಬಲ್ಲೆ: ನಿಮ್ಮ ತಾಯಿಯವರಿಗೆ ಅದು ಬೇಡ. ನಮ್ಮ 19ನೇ ಕ್ರೋಮೋಸೋಮಿನಲ್ಲಿ ಈ ಜೀನಿನ ಬಳಿ ಇರುವ ಒಂದು ವ್ಯತ್ಯಾಸವು ಇಂಟರ್‌ಫೆರಾನ್ ಚಿಕಿತ್ಸೆ ಫಲಿಸುತ್ತದೆಯೇ ಎಂಬುದನ್ನು ಮುಂಚಿತವಾಗಿ ಸೂಚಿಸಬಲ್ಲದೆಂದು 2009ರಲ್ಲಿ ಗೊತ್ತಾಯಿತು. ಮೊದಲನೇ ತಳಿಯ ಸೋಂಕಿನಲ್ಲಿ ‘ಸಿಸಿ’ ಮಾದರಿಯವರಿಗೆ ಗುಣವಾಗುವ ಸಾಧ್ಯತೆ ‘ಟಿಟಿ’ ಮಾದರಿಯವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಆ ಕಾಲದಲ್ಲಿ 48 ವಾರಗಳ ಕಾಲ ವಾರಕ್ಕೊಂದು ಚುಚ್ಚುಮದ್ದು ತೆಗೆದುಕೊಳ್ಳಬೇಕಾಗಿತ್ತು, ಜ್ವರ, ಖಿನ್ನತೆ, ರಕ್ತಹೀನತೆಯನ್ನು ಸಹಿಸಬೇಕಾಗಿತ್ತು, ಖರ್ಚು ಲಕ್ಷಗಳಲ್ಲಿತ್ತು. ಹಾಗಾಗಿ ಆ ಕಷ್ಟಕ್ಕೆ ಒಡ್ಡಿಕೊಳ್ಳುವ ಮೊದಲು ಫಲದ ಅಂದಾಜು ಬೇಕೆನ್ನುವುದರಲ್ಲಿ ಅರ್ಥವಿತ್ತು. ಈಗ ಇಂಟರ್‌ಫೆರಾನನ್ನೇ ಕೊಡುತ್ತಿಲ್ಲ. ಇಂದಿನ ಮಾತ್ರೆಗಳು ವೈರಸ್ಸಿನ ಮೇಲೆ ನೇರವಾಗಿ ಕೆಲಸ ಮಾಡುವುದರಿಂದ ಆ ವರದಿಯಲ್ಲಿ ಏನೇ ಬರೆದಿದ್ದರೂ ನಿಮ್ಮ ವೈದ್ಯರು ಬರೆಯುವ ಔಷಧ ಬದಲಾಗುವುದಿಲ್ಲ. ಇಂಥ ಪರೀಕ್ಷೆಯನ್ನು ಇನ್ನೂ ಪ್ಯಾಕೇಜಿನಲ್ಲಿ ಸೇರಿಸಿ ಮಾರುವುದು ಶುದ್ಧ ವ್ಯಾಪಾರ.

ಜೀನೋಟೈಪ್ ಕುರಿತು ನಿಮ್ಮ ವೈದ್ಯರು ಕೇಳಿದ್ದಕ್ಕೆ ಹಿನ್ನೆಲೆಯಿದೆ. ಈ ವೈರಸ್ಸಿನಲ್ಲಿ ಆರು ಮುಖ್ಯ ತಳಿಗಳಿವೆ, ಅಪರೂಪದ ಇನ್ನೂ ಒಂದೆರಡು ಇವೆ. ಭಾರತದಲ್ಲಿ ಮೂರನೆಯದು ಹೆಚ್ಚು, ಅದರ ನಂತರ ಒಂದನೆಯದು. ಹಿಂದೆ ತಳಿಗೆ ತಕ್ಕಂತೆ ಚಿಕಿತ್ಸೆಯ ಅವಧಿ ಬದಲಾಗುತ್ತಿತ್ತು. ಸೋಫೋಸ್ಬುವಿರ್ ಭಾರತದಲ್ಲಿ ಮಾರಾಟಕ್ಕೆ ಬಂದ 2015ರ ಆರಂಭದ ದಿನಗಳಲ್ಲೂ ಅದರ ಜತೆಗೆ ಕೊಡುವ ಔಷಧವನ್ನು ತಳಿ ನೋಡಿಯೇ ಆರಿಸಬೇಕಾಗಿತ್ತು. ಸೋಫೋಸ್ಬುವಿರ್ ಜತೆ ಡಕ್ಲಾಟಸ್ವಿರ್, ಆಮೇಲೆ ಸೋಫೋಸ್ಬುವಿರ್ ಜತೆ ವೆಲ್ಪಟಸ್ವಿರ್ ಬಂದ ಮೇಲೆ ಈ ಪರಿಸ್ಥಿತಿ ಬದಲಾಯಿತು, ಏಕೆಂದರೆ ಈ ಜೋಡಿಗಳು ಎಲ್ಲ ಮುಖ್ಯ ತಳಿಗಳ ಮೇಲೂ ಕೆಲಸ ಮಾಡುತ್ತವೆ. ತಳಿ ಪರೀಕ್ಷೆಗೆ ಕಾಯದೆ ಇಂಥ ಔಷಧಗಳನ್ನು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆ ನೀಡಿತು. ಅದೇ ವರ್ಷ ಜುಲೈ 28ರಂದು ಆರಂಭವಾದ ನಮ್ಮ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವೂ ಮೊದಲ ಬಾರಿ ಚಿಕಿತ್ಸೆ ಪಡೆಯುವವರಿಗೆ ಇದೇ ದಾರಿ ಹಿಡಿದಿದೆ. ಆದ್ದರಿಂದ, ನಿಮ್ಮ ತಾಯಿಯವರು ಹಿಂದೆ ಎಂದೂ ಈ ಕಾಯಿಲೆಗೆ ಔಷಧ ತೆಗೆದುಕೊಂಡಿಲ್ಲವಾದರೆ, ಜೀನೋಟೈಪ್ ಇಲ್ಲದೆಯೇ ಚಿಕಿತ್ಸೆ ಆರಂಭಿಸಬಹುದು.

ನಿಜವಾಗಿ ತಿಳಿಯಬೇಕಾದ ಸಂಗತಿ ಬೇರೆ: ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಹಂತಕ್ಕೆ ಹೋಗಿದೆಯೇ? ಔಷಧದ ಆಯ್ಕೆ ಈಗ ನಿಂತಿರುವುದು ಇದರ ಮೇಲೆ. ಇದರ ಮೊದಲ ಅಂದಾಜಿಗೆ ಬೇಕಾದ ಅಂಕಿಗಳು ನಿಮ್ಮ ಪತ್ರದಲ್ಲೇ ಇವೆ. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಬಂದ ಮೊತ್ತವನ್ನು ಸಾವಿರಗಳಲ್ಲಿ ಬರೆದ ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಎಲ್‌ಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿ. 52ನ್ನು 68ರಿಂದ ಗುಣಿಸಿದರೆ 3,536. 190ನ್ನು 81ರ ವರ್ಗಮೂಲವಾದ 9ರಿಂದ ಗುಣಿಸಿದರೆ 1,710. ಭಾಗಿಸಿದಾಗ ಸುಮಾರು 2.07 ಬರುತ್ತದೆ. ಫಿಬ್-4 ಎನ್ನುವ ಈ ಅಂಕ 3.25 ಮೀರಿದರೆ ಸಿರೋಸಿಸ್ ಇರಬಹುದೆಂಬ ಸಂಶಯ ಬಲವಾಗುತ್ತದೆ. ಎಪಿಆರ್‌ಐ ಎಂಬ ಇನ್ನೊಂದು ಅಂಕವೂ, ಎಎಸ್‌ಟಿಯ ಮೇಲಿನ ಮಿತಿಯನ್ನು 40 ಎಂದು ಹಿಡಿದರೆ, ನಿಮ್ಮ ತಾಯಿಯವರಲ್ಲಿ 0.9ರಷ್ಟಿದೆ, ಅಲ್ಲಿ ಎಚ್ಚರಿಕೆಯ ಗೆರೆ 2. ಇದರಿಂದ ಸಿರೋಸಿಸ್ ಇಲ್ಲವೇ ಇಲ್ಲ ಎಂದು ತೀರ್ಮಾನಿಸಲಾಗದು, ಏಕೆಂದರೆ 2.07 ಎಂಬುದು ಮಧ್ಯದ ಪಟ್ಟಿಯಲ್ಲಿ ಬರುವ ಅಂಕ. ಹತ್ತಿರದಲ್ಲಿ ಫೈಬ್ರೋಸ್ಕ್ಯಾನ್ (ಯಕೃತ್ತಿನ ಗಡಸುತನ ಅಳೆಯುವ ಸ್ಕ್ಯಾನ್) ಸಿಕ್ಕರೆ ಸಂದೇಹ ಪರಿಹಾರವಾಗುತ್ತದೆ. ದೂರ ಪ್ರಯಾಣಕ್ಕೆ ಹಣ ಖರ್ಚು ಮಾಡುವುದಾದರೆ ಜೀನೋಟೈಪ್‌ಗಿಂತ ಇದಕ್ಕೆ ಮಾಡುವುದು ಮೇಲು.

ಸಿರೋಸಿಸ್ ಇಲ್ಲದಿದ್ದರೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೋಫೋಸ್ಬುವಿರ್ 400 ಮಿಲಿಗ್ರಾಂ ಮತ್ತು ಡಕ್ಲಾಟಸ್ವಿರ್ 60 ಮಿಲಿಗ್ರಾಂ ಮಾತ್ರೆಗಳನ್ನು ದಿನಕ್ಕೊಮ್ಮೆ 12 ವಾರ ಕೊಡುತ್ತಾರೆ. ಸಿರೋಸಿಸ್ ಇದ್ದು ಯಕೃತ್ತು ಇನ್ನೂ ತನ್ನ ಕೆಲಸ ನಿಭಾಯಿಸುತ್ತಿದ್ದರೆ ಸೋಫೋಸ್ಬುವಿರ್–ವೆಲ್ಪಟಸ್ವಿರ್ ಅನ್ನು ಅಷ್ಟೇ ಅವಧಿಗೆ ಕೊಡುತ್ತಾರೆ. ಈ ಔಷಧ ಉಚಿತ. ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಎಲ್ಲ ವರದಿಗಳೊಂದಿಗೆ ಹೋಗಿ, ಹೆಪಟೈಟಿಸ್ ಕಾರ್ಯಕ್ರಮದ ಚಿಕಿತ್ಸಾ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ. ಆರಂಭಿಸುವ ಮೊದಲು ಹೆಪಟೈಟಿಸ್ ಬಿ (ಎಚ್‌ಬಿಎಸ್‌ಎಜಿ), ಎಚ್‌ಐವಿ, ಕ್ರಿಯಾಟಿನಿನ್ ಪರೀಕ್ಷೆಗಳು ಆಗಿರಲಿ. ಇವುಗಳಲ್ಲಿ ಹೆಪಟೈಟಿಸ್ ಬಿ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬಾರದು. ಎರಡೂ ವೈರಸ್ಸುಗಳು ಒಟ್ಟಿಗಿದ್ದಾಗ ಸಿ ಹೋಗುತ್ತಿದ್ದಂತೆ ಬಿ ಕೆರಳಿ ಯಕೃತ್ತಿಗೆ ತೀವ್ರ ಹಾನಿ ಮಾಡಿದ ಉದಾಹರಣೆಗಳಿವೆ. ತಾಯಿಯವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧವೂ ಸೇರಿದಂತೆ, ವೈದ್ಯರಿಗೆ ತೋರಿಸಿ. ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್, ಮೂರ್ಛೆಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇವು ಹೊಂದುವುದಿಲ್ಲ. ಎದೆಯುರಿಗೆ ನಾವೇ ಅಂಗಡಿಯಿಂದ ತಂದು ನುಂಗುವ ಒಮೆಪ್ರಜೋಲ್ ಕೂಡ ವೆಲ್ಪಟಸ್ವಿರ್ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ.

ಮಾತ್ರೆ ಮುಗಿದು 12 ವಾರಗಳ ನಂತರ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಕಾಣದಿದ್ದರೆ ಗುಣವಾಯಿತೆಂದು ಅರ್ಥ; ನೂರರಲ್ಲಿ ತೊಂಬತ್ತೈದರಷ್ಟು ಜನ ಗುಣವಾಗುತ್ತಾರೆ. ಈ ಪರೀಕ್ಷೆಗೂ ಮಹಾನಗರಕ್ಕೆ ಓಡಬೇಕಾಗಿಲ್ಲ. ಕ್ಷಯರೋಗ ಪತ್ತೆಗೆಂದು ಇಟ್ಟಿರುವ ಜೀನ್‌ಎಕ್ಸ್‌ಪರ್ಟ್ ಅಥವಾ ಟ್ರೂನ್ಯಾಟ್ ಯಂತ್ರದಲ್ಲಿ ಬೇರೆ ಕಾರ್ಟ್ರಿಜ್ ಇಲ್ಲವೇ ಚಿಪ್ ಬಳಸಿ ಇದನ್ನು ಮಾಡಬಹುದು. ಆಂಟಿಬಾಡಿ ಪರೀಕ್ಷೆಯನ್ನು ಮಾತ್ರ ಮತ್ತೆ ಮಾಡಿಸಬೇಡಿ. ಅದು ಗುಣವಾದ ಮೇಲೂ ಪಾಸಿಟಿವ್ ಆಗಿಯೇ ಉಳಿದು ವೃಥಾ ಗಾಬರಿ ಹುಟ್ಟಿಸುತ್ತದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆ ತುರ್ತಾಗಿದ್ದರೆ ಹೆಪಟೈಟಿಸ್ ಸಿ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಮುಂದೂಡಬೇಕಾಗಿಲ್ಲ.

ಪ್ರಶ್ನೆ: ನನಗೆ 46 ವರ್ಷ. ಕಳೆದ ವರ್ಷ ಸೋಫೋಸ್ಬುವಿರ್, ಡಕ್ಲಾಟಸ್ವಿರ್ 12 ವಾರ ತೆಗೆದುಕೊಂಡೆ. ಮೂರು ತಿಂಗಳ ನಂತರ ವೈರಸ್ ಮತ್ತೆ ಕಾಣಿಸಿತು. ಈಗ ಫೈಬ್ರೋಸ್ಕ್ಯಾನ್‌ನಲ್ಲಿ ಸಿರೋಸಿಸ್ ಎಂದಿದ್ದಾರೆ. ಜೀನೋಟೈಪ್ ಮತ್ತು ರೆಸಿಸ್ಟೆನ್ಸ್ ಪರೀಕ್ಷೆ ಆಗಬೇಕಂತೆ, ಆದರೆ ನಮ್ಮಲ್ಲಿ ಆ ಸೌಲಭ್ಯವಿಲ್ಲ. ಏನು ಮಾಡಲಿ? — ಓದುಗರೊಬ್ಬರು, ದಾವಣಗೆರೆ

ಉತ್ತರ: ಮೇಲಿನ ಉತ್ತರ ನಿಮಗೆ ಅನ್ವಯಿಸುವುದಿಲ್ಲ. ಒಮ್ಮೆ ಚಿಕಿತ್ಸೆ ವಿಫಲವಾಗಿ, ಜತೆಗೆ ಸಿರೋಸಿಸ್ ಕೂಡ ಇರುವಾಗ ತಳಿ ತಿಳಿದಿರುವುದು ಉಪಯುಕ್ತ. ಮೂರನೇ ತಳಿ ಮತ್ತು ಸಿರೋಸಿಸ್ ಕೂಡಿದರೆ ಗುಣವಾಗುವ ಪ್ರಮಾಣ ಸ್ವಲ್ಪ ಕುಗ್ಗುತ್ತದೆ. ವೈರಸ್ಸಿನ ಎನ್‌ಎಸ್5ಎ ಎಂಬ ಭಾಗದಲ್ಲಿ ವೈ93ಎಚ್ ಎಂಬ ಮಾರ್ಪಾಡು ಇದ್ದರೆ ಡಕ್ಲಾಟಸ್ವಿರ್, ವೆಲ್ಪಟಸ್ವಿರ್ ಎರಡರ ಪರಿಣಾಮವೂ ತಗ್ಗುತ್ತದೆ; ರೆಸಿಸ್ಟೆನ್ಸ್ ಪರೀಕ್ಷೆ ಹುಡುಕುವುದು ಇಂಥ ಮಾರ್ಪಾಡುಗಳನ್ನು. ಆದರೆ ಇದಕ್ಕಾಗಿ ನೀವು ಊರು ಬಿಡಬೇಕಾಗಿಲ್ಲ, ನಿಮ್ಮ ರಕ್ತದ ಮಾದರಿ ಹೋದರೆ ಸಾಕು.

ಅದನ್ನು ಕಳಿಸುವ ಕ್ರಮ ಮಾತ್ರ ಸರಿಯಾಗಿರಬೇಕು. ಈ ವೈರಸ್ಸಿನ ಆರ್‌ಎನ್‌ಎ ಬೇಗ ಕೆಡುವ ವಸ್ತು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದು, ಸಾಮಾನ್ಯವಾಗಿ ಆರು ಗಂಟೆಗಳೊಳಗೆ ಪ್ಲಾಸ್ಮಾ ಬೇರ್ಪಡಿಸಿ, ಹೆಪ್ಪುಗಟ್ಟಿಸಿ, ಶೀತಲ ಪೆಟ್ಟಿಗೆಯಲ್ಲಿ ಕಳಿಸಬೇಕು. ನಡುವೆ ಕರಗಿ ಮತ್ತೆ ಹೆಪ್ಪುಗಟ್ಟುವಂತಾಗಬಾರದು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬಳಸಿದರೆ ಪಿಸಿಆರ್ ಕೆಲಸ ಮಾಡದೆ ಹೋಗಬಹುದು. ಈ ಕಾರಣಗಳಿಂದ ಮನೆಯವರು ಟ್ಯೂಬನ್ನು ಥರ್ಮಾಸಿನಲ್ಲಿಟ್ಟು ರಾತ್ರಿ ಬಸ್ಸಿನಲ್ಲಿ ಒಯ್ಯುವ ಸಾಹಸ ಬೇಡ. ನಿಮ್ಮ ಊರಿನ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯ ಅಥವಾ ಮಾನ್ಯತೆ ಪಡೆದ ದೊಡ್ಡ ಲ್ಯಾಬಿನ ಸಂಗ್ರಹಣಾ ಕೇಂದ್ರದ ಮೂಲಕವೇ ಕಳಿಸಿ. ಆ ಕೇಂದ್ರದಲ್ಲಿ ಸೆಂಟ್ರಿಫ್ಯೂಜ್ ಮತ್ತು ಫ್ರೀಜರ್ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ. ವೈರಲ್ ಲೋಡ್ ತೀರಾ ಕಡಿಮೆಯಿದ್ದರೆ ತಳಿ ಗುರುತಿಸಲಾಗದು, ಆದ್ದರಿಂದ ಇತ್ತೀಚಿನ ವೈರಲ್ ಲೋಡ್ ವರದಿಯನ್ನು ಜತೆಗಿಡಿ. ಹೊಸ ಔಷಧ ಆರಂಭಿಸುವ ಮುನ್ನವೇ ರಕ್ತ ಕೊಡಿ. ಆಮೇಲೆ ಪರೀಕ್ಷಿಸಲು ವೈರಸ್ಸೇ ಸಿಗುವುದಿಲ್ಲ.

ರೆಸಿಸ್ಟೆನ್ಸ್ ಪರೀಕ್ಷೆ ಎಲ್ಲೂ ಸಿಗದಿದ್ದರೆ? ಆಗಲೂ ಕೈಕಟ್ಟಿ ಕೂರುವ ಸ್ಥಿತಿಯಿಲ್ಲ. ಸೋಫೋಸ್ಬುವಿರ್–ವೆಲ್ಪಟಸ್ವಿರ್ ಜತೆ ರಿಬಾವಿರಿನ್ ಸೇರಿಸಿ 24 ವಾರ ಕೊಡುವುದು ನಮ್ಮಲ್ಲಿ ಮರುಚಿಕಿತ್ಸೆಗೆ ಇರುವ ದಾರಿ. ಆ ಪರೀಕ್ಷೆಯ ವರದಿ ಇಲ್ಲದೆಯೂ ತಜ್ಞರು ಅದನ್ನು ಆರಂಭಿಸಬಲ್ಲರು. ರಿಬಾವಿರಿನ್‌ನಿಂದ ಹಿಮೋಗ್ಲೋಬಿನ್ ಇಳಿಯುವುದರಿಂದ ಮೊದಲ ವಾರಗಳಲ್ಲಿ ಆಗಾಗ ರಕ್ತ ಪರೀಕ್ಷೆ ಬೇಕು. ಅದು ಭ್ರೂಣಕ್ಕೆ ಹಾನಿಕರವಾದ್ದರಿಂದ, ಚಿಕಿತ್ಸೆಯ ಅವಧಿಯಲ್ಲೂ ನಂತರ ಆರು ತಿಂಗಳೂ ನಿಮ್ಮ ಪತ್ನಿ ಗರ್ಭ ಧರಿಸದಂತೆ ಎಚ್ಚರ ವಹಿಸಬೇಕು. ನಿಮ್ಮಂಥವರನ್ನು ರಾಷ್ಟ್ರೀಯ ಕಾರ್ಯಕ್ರಮದಡಿ ಮಾದರಿ ಚಿಕಿತ್ಸಾ ಕೇಂದ್ರಕ್ಕೆ (ಮಾಡೆಲ್ ಟ್ರೀಟ್‌ಮೆಂಟ್ ಸೆಂಟರ್) ಕಳಿಸುವ ವ್ಯವಸ್ಥೆಯಿದೆ, ಜಿಲ್ಲಾ ಕೇಂದ್ರದಿಂದ ಅದಕ್ಕೆ ಶಿಫಾರಸು ಪತ್ರ ಪಡೆಯಿರಿ. ಮೊದಲ ಸಲ ಮಾತ್ರೆ ಎಷ್ಟು ದಿನ ತಪ್ಪಿತ್ತು, ಆಗಲೇ ಸಿರೋಸಿಸ್ ಇತ್ತೇ ಎಂಬುದನ್ನು ಅಲ್ಲಿ ಮುಚ್ಚುಮರೆಯಿಲ್ಲದೆ ಹೇಳಿ. ಹೊಟ್ಟೆಯಲ್ಲಿ ನೀರು ತುಂಬುವುದು, ಕಪ್ಪು ಮಲ, ಮಂಪರು ಇವುಗಳಲ್ಲಿ ಯಾವುದು ಕಂಡರೂ ಯಾವ ವರದಿಗೂ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನ್ನ ತಮ್ಮ ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾನೆ. ಹೆಪಟೈಟಿಸ್ ಸಿ ಇದೆ. ಕಿಡ್ನಿ ಕಾಯಿಲೆಯವರಿಗೆ ಜೀನೋಟೈಪ್ ಇಲ್ಲದೆ ಔಷಧ ಕೊಡಬಾರದು ಎನ್ನುತ್ತಾರೆ. ನಿಜವೇ? — ಒಬ್ಬ ಅಕ್ಕ, ಹಾಸನ

ಉತ್ತರ: ಕೆಲವು ವರ್ಷಗಳ ಹಿಂದೆ ಅದು ನಿಜವಾಗಿತ್ತು. ಮೂತ್ರಪಿಂಡ ವಿಫಲವಾದವರಿಗೆ ಸೋಫೋಸ್ಬುವಿರ್ ಕೊಡಲು ಆಗ ಹಿಂಜರಿಯುತ್ತಿದ್ದರು. ಬದಲಿಗೆ ಇದ್ದ ಎಲ್ಬಾಸ್ವಿರ್–ಗ್ರಾಜೋಪ್ರೆವಿರ್ ಒಂದನೇ ಮತ್ತು ನಾಲ್ಕನೇ ತಳಿಗೆ ಮಾತ್ರ ಹೊಂದುತ್ತಿತ್ತು. ಡಯಾಲಿಸಿಸ್‌ನಲ್ಲಿರುವವರಿಗೂ ಸೋಫೋಸ್ಬುವಿರ್ ಆಧಾರಿತ ಮಾತ್ರೆಗಳನ್ನು ಪೂರ್ಣ ಪ್ರಮಾಣದಲ್ಲಿ ಕೊಡಬಹುದೆಂದು 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದೆ, ಹಾಗಾಗಿ ಆ ಮಿತಿ ಈಗ ಉಳಿದಿಲ್ಲ. ನಿಮ್ಮ ತಮ್ಮನ ಮೂತ್ರಪಿಂಡ ತಜ್ಞರು ಮತ್ತು ಯಕೃತ್ತಿನ ತಜ್ಞರು ಪರಸ್ಪರ ಮಾತನಾಡಿ ಸಮಯ ನಿಗದಿ ಮಾಡಲಿ. ಮೂತ್ರಪಿಂಡ ಕಸಿಗೆ ಹೆಸರು ನೋಂದಾಯಿಸಿದ್ದರೆ, ಚಿಕಿತ್ಸೆ ಕಸಿಗೆ ಮೊದಲೋ ನಂತರವೋ ಎಂಬುದೂ ಅದೇ ಮಾತುಕತೆಯಲ್ಲಿ ತೀರ್ಮಾನವಾಗಬೇಕು.