ನರ್ಸ್‌ಗಳು ನಿಲ್ಲುತ್ತಿಲ್ಲ, ಡ್ಯೂಟಿ ಹಾಕುವ ಸಾಫ್ಟ್‌ವೇರ್ ತಗೊಳ್ಳಬೇಕಾ?

ಹಾಸನದ ನಿಮ್ಮ 60 ಬೆಡ್ ಆಸ್ಪತ್ರೆಯಲ್ಲಿ ನರ್ಸ್‌ಗಳು ಬಿಟ್ಟುಹೋಗುತ್ತಿದ್ದಾರೆ, ರೋಸ್ಟರ್ ಸಾಫ್ಟ್‌ವೇರ್ ಹಾಕಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಅರ್ಧ ಸರಿಹೋಗುತ್ತದೆ. ಇಲ್ಲದ ನರ್ಸನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ, ಆದರೆ ಇರುವವರು ಬೇಸತ್ತು ಹೋಗುವುದನ್ನು ಸ್ವಲ್ಪ ತಡೆಯಬಹುದು.

ಮೊದಲು ತಲೆ ಎಣಿಸಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಐಸಿಯುನ ಒಂದು ಬೆಡ್‌ಗೆ ಪ್ರತಿ ಶಿಫ್ಟಿಗೂ ಒಬ್ಬ ನರ್ಸ್, ಅದರ ಮೇಲೆ ರಜೆಗೆ ಅಂತಲೇ ಶೇ. 30 ಜಾಸ್ತಿ ಜನ. ಈ ಶೇ. 30 ಬಹಳ ಕಡೆ ಲೆಕ್ಕದಲ್ಲೇ ಇರುವುದಿಲ್ಲ. ಹಾಗಾಗಿ ಒಬ್ಬರಿಗೆ ಜ್ವರ ಬಂದರೆ ಸಾಕು, ನೈಟ್ ಮುಗಿಸಿ ಬೆಳಗ್ಗೆ 8ಕ್ಕೆ ಹ್ಯಾಂಡೋವರ್ ಕೊಟ್ಟು ಬ್ಯಾಗ್ ಹೆಗಲಿಗೇರಿಸಿದವರನ್ನೇ "ಸಿಸ್ಟರ್, ಎರಡು ಗಂಟೆ ತನಕ ನೋಡ್ಕೊಳ್ಳಿ" ಅಂತ ನಿಲ್ಲಿಸುತ್ತಾರೆ. ಜನ ಕೆಲಸ ಬಿಡೋದು ಬರೀ ಸಂಬಳಕ್ಕಲ್ಲ, ಇದಕ್ಕೂ.

ಸಾಫ್ಟ್‌ವೇರ್ ನಿಜಕ್ಕೂ ಕೆಲಸಕ್ಕೆ ಬರೋದು ಇಲ್ಲೇ. ಯಾರಿಗೆ ಎಷ್ಟು ನೈಟ್ ಬಿತ್ತು ಅಂತ ಎಲ್ಲರಿಗೂ ಕಾಣುತ್ತದೆ, ಡ್ಯೂಟಿ ಹಾಕುವ ಇನ್‌ಚಾರ್ಜ್ ಸಿಸ್ಟರ್‌ಗೆ ಬೇಕಾದವರಿಗೆ ನೈಟ್ ಕಡಿಮೆ ಅನ್ನೋ ಗುಸುಗುಸು ಕಡಿಮೆಯಾಗುತ್ತದೆ. ಡ್ಯೂಟಿ ಬದಲಾಯಿಸಿಕೊಳ್ಳೋದು ಮೊಬೈಲ್‌ನಲ್ಲೇ ಆಗುತ್ತದೆ. ವೆಂಟಿಲೇಟರ್ ಗೊತ್ತಿರುವವರು, ಡಯಾಲಿಸಿಸ್ ಗೊತ್ತಿರುವವರು ಅಂತ ಮೊದಲೇ ಗುರುತು ಹಾಕಿಟ್ಟರೆ, ರಾತ್ರಿ ಐಸಿಯುಗೆ ಹೊಸಬರಿಬ್ಬರೇ ಬೀಳುವಂತಿದ್ದಾಗ ಎಚ್ಚರಿಸುತ್ತದೆ.

ಸಾಫ್ಟ್‌ವೇರ್ ಡೆಮೋ ತೋರಿಸೋಕೆ ಬಂದವರಿಗೆ ನಿಮ್ಮ ಕಳೆದ ದೀಪಾವಳಿ ವಾರದ ಡ್ಯೂಟಿ ಚಾರ್ಟ್ ಕೊಟ್ಟು, ಇದನ್ನು ಹಾಕಿ ತೋರಿಸಿ ಅನ್ನಿ. ರಜೆ ಜಾಸ್ತಿ ಇರುವಾಗಲೂ ಅದು ನಡೆಯುತ್ತಾ ಅಂತ ಆಗ ಗೊತ್ತಾಗುತ್ತದೆ. 30-40 ಜನರಷ್ಟೇ ಇದ್ದರೆ ಮೊದಲು ಗೂಗಲ್ ಶೀಟ್‌ನಲ್ಲೇ ಶುರು ಮಾಡಿ, ದುಡ್ಡು ಯಾಕೆ ಸುಮ್ನೆ? ಅದನ್ನು ಬರೆಯೋಕೆ ಇನ್‌ಚಾರ್ಜ್ ಸಿಸ್ಟರ್‌ಗೆ ವಾರಕ್ಕೊಂದು ಗಂಟೆ ವಾರ್ಡ್ ಕೆಲಸದಿಂದ ಬಿಡುವು ಕೊಡಿ.