ಮುಂದಿನ ವಾರ ನನ್ನನ್ನು ಗುರುತಿಸದವರ ಬಳಿ ವಾರವಾರವೂ ಹೋಗುವುದರಿಂದ ಏನು ಫಲ?

ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಸ್ಥಿತಿ) ಇರುವ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ಸ್ವಯಂಸೇವೆ ಮಾಡಬೇಕೆಂದಿದ್ದೀರಿ. ಆದರೆ ಹೋದ ವಾರ ಬಂದಿದ್ದವರು ಯಾರೆಂಬುದೇ ಈ ವಾರ ಅವರಿಗೆ ನೆನಪಿರದಿದ್ದರೆ ಹೋಗಿ ಬಂದುದರಿಂದ ಏನು ಫಲ, ಅವರೊಡನೆ ಏನು ಮಾತನಾಡುವುದು ಎಂದು ಕೇಳಿದ್ದೀರಿ. ನಾನು ಅಂಥದೊಂದು ಕೇಂದ್ರಕ್ಕೆ ನಾಲ್ಕು ವರ್ಷಗಳಿಂದ ವಾರಕ್ಕೊಮ್ಮೆ ಹೋಗುತ್ತಿದ್ದೇನೆ. ಅಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಸಿಬ್ಬಂದಿ ಮಾತ್ರ.

ಡಿಮೆನ್ಷಿಯಾ ಒಂದೇ ಕಾಯಿಲೆಯ ಹೆಸರಲ್ಲ. ಮಿದುಳಿನ ಬೇರೆ ಬೇರೆ ಕಾಯಿಲೆಗಳಿಂದ ಬರುವ ಸ್ಥಿತಿ ಅದು, ಅವುಗಳಲ್ಲಿ ಶೇಕಡಾ 60ರಿಂದ 70ರಷ್ಟು ಪಾಲು ಅಲ್ಜೈಮರ್ ಕಾಯಿಲೆಯದು. ಅಲ್ಜೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಹಾನಿಯಾಗುವುದು ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ. ಹಾಗಾಗಿ ಬೆಳಿಗ್ಗೆ ನಡೆದದ್ದು ಮರೆತುಹೋಗಿರುತ್ತದೆ, ಹದಿನೆಂಟನೆಯ ವಯಸ್ಸಿನಲ್ಲಿ ನಡೆದದ್ದು ಬಹಳ ಕಾಲ ಉಳಿದಿರುತ್ತದೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರವಾದ ಸಂಗತಿ ಇನ್ನೊಂದಿದೆ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಜೈಮರ್ ಇರುವವರಿಗೆ ಸಂತೋಷದ ಮತ್ತು ದುಃಖದ ಚಲನಚಿತ್ರ ತುಣುಕುಗಳನ್ನು ತೋರಿಸಿದಾಗ, ನೋಡಿದ್ದೇನೆಂಬುದು ಬಹುಬೇಗ ಮರೆತುಹೋದರೂ ಅದು ಎಬ್ಬಿಸಿದ ಭಾವ ಅವರಲ್ಲಿ ಉಳಿದೇ ಇತ್ತು. ಇದು ನಿಜವೆಂದು ನನಗೆ ಮನವರಿಕೆಯಾದದ್ದು ಮಾತ್ರ ನನ್ನದೇ ತಪ್ಪಿನಿಂದ.

ನಾನು ಹೋಗತೊಡಗಿದ ಮೊದಲ ತಿಂಗಳಲ್ಲಿ ಅಜ್ಜಿಯೊಬ್ಬರು, "ನಮ್ಮ ಯಜಮಾನರು ಇನ್ನೂ ಬರಲಿಲ್ಲವೇ?" ಎಂದು ಕೇಳಿದರು. ನಿಜ ಹೇಳುವುದೇ ಗೌರವವೆಂದು ಭಾವಿಸಿ, ಅವರು ತೀರಿಕೊಂಡು ಬಹಳ ವರ್ಷಗಳಾದವೆಂದು ಮೆಲ್ಲಗೆ ಹೇಳಿದೆ. ಆಕೆ ಆ ಸುದ್ದಿಯನ್ನು ಮೊದಲ ಬಾರಿ ಕೇಳಿದವರಂತೆ ಅತ್ತರು. ಕಾಲು ಗಂಟೆಯಲ್ಲಿ ನಾನು ಹೇಳಿದ ಮಾತು ಮರೆತುಹೋಯಿತು, ಅಳು ಏಕೆಂಬುದೂ ಮರೆತುಹೋಯಿತು. ಆದರೂ ಸಂಜೆಯವರೆಗೆ ಸೆರಗಿನ ತುದಿಯನ್ನು ತಿರುಚುತ್ತಲೇ ಕುಳಿತಿದ್ದರು. ಈಗ ಅಂಥ ಪ್ರಶ್ನೆ ಬಂದರೆ, "ಅವರ ದಾರಿ ಕಾಯುತ್ತಿದ್ದೀರಾ? ಅವರ ವಿಷಯ ಸ್ವಲ್ಪ ಹೇಳಿ" ಎನ್ನುತ್ತೇನೆ, ಹತ್ತು ನಿಮಿಷ ಅವರ ಮಾತು ಅದರಲ್ಲಿಯೇ ಸಾಗುತ್ತದೆ. "ಇನ್ನೇನು ಬಂದುಬಿಡುತ್ತಾರೆ" ಎಂದು ಸುಳ್ಳು ಹೇಳಿ ಸಮಾಧಾನಪಡಿಸುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಅವರು ಬಾಗಿಲನ್ನೇ ನೋಡುತ್ತಾ ಕೂರುತ್ತಾರೆ.

ಮಾತೇ ಬೇಕೆಂದೇನೂ ಇಲ್ಲ. ಹೊಲಿಗೆಯ ಕೆಲಸದಲ್ಲಿ ಜೀವನ ಕಳೆದ ಹಿರಿಯರೊಬ್ಬರಿಗೆ ಮಾತು ಬಹುತೇಕ ನಿಂತುಹೋಗಿತ್ತು. ಒಂದು ದಿನ ಒಗೆದ ಟವೆಲುಗಳ ರಾಶಿಯನ್ನು ಅವರ ಮುಂದಿಟ್ಟು ನಾನೂ ಮಡಿಸಲು ಕುಳಿತೆ. ಅವರು ಅಂಚಿಗೆ ಅಂಚು ಕೂಡಿಸಿ, ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಎಳೆದು, ಒಂದೊಂದನ್ನೂ ಪೇರಿಸಿದರು; ನಂತರ ನನ್ನ ಸೊಟ್ಟ ಮಡಿಕೆಯನ್ನು ನೋಡಿ, ಏನೂ ಹೇಳದೆ ಬಿಚ್ಚಿ, ಮತ್ತೆ ಮಡಿಸಿ ನನ್ನ ಕೈಗಿತ್ತರು. ಕೈಗೆ ಪಳಗಿದ ಕೆಲಸದ ನೆನಪನ್ನು ಮಿದುಳಿನ ಬೇರೆ ಭಾಗಗಳು ನೋಡಿಕೊಳ್ಳುವುದರಿಂದ ಅದು ತಡವಾಗಿ ಹೋಗುತ್ತದೆ. ಆದ್ದರಿಂದ ನೀವು ಭೇಟಿಯಾಗಲಿರುವವರು ಹಿಂದೆ ಏನು ಮಾಡುತ್ತಿದ್ದರೆಂಬುದನ್ನು ಮನೆಯವರಿಂದಲೋ ಸಿಬ್ಬಂದಿಯಿಂದಲೋ ಮೊದಲೇ ಕೇಳಿ ತಿಳಿದುಕೊಳ್ಳಿ.

ಹಿಂದಿನಿಂದಾಗಲಿ ಪಕ್ಕದಿಂದಾಗಲಿ ಹೋಗದೆ ಎದುರಿನಿಂದಲೇ ಹೋಗಿ, ಅವರ ಕಣ್ಣಿನ ಮಟ್ಟಕ್ಕೆ ಕುಳಿತು, ಪ್ರತಿ ಸಲವೂ ನಿಮ್ಮ ಹೆಸರನ್ನು ನೀವೇ ಹೇಳಿ. "ನಾನು ಯಾರು, ಗೊತ್ತಾಯಿತೇ?" ಎಂದು ಮಾತ್ರ ಕೇಳಬೇಡಿ, ಅದು ಅವರು ಸೋಲುವುದು ಖಚಿತವಿರುವ ಪರೀಕ್ಷೆ. ಟಿವಿ ಓಡುತ್ತಿದ್ದರೆ ಅವರನ್ನು ಕೇಳಿ ಆಫ್ ಮಾಡಿ, ಒಮ್ಮೆಗೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ನಿಮಗೆ ಸಹಜವೆನಿಸುವುದಕ್ಕಿಂತ ಹೆಚ್ಚು ಹೊತ್ತು ಕಾಯಿರಿ. ಈ ಕಾಯುವಿಕೆಯೇ ಹೊಸಬರಿಗೆ ಅತ್ಯಂತ ಕಷ್ಟವಾಗುವುದು. ನನಗೆ ಈಗಲೂ ನಾಲಿಗೆ ತುರಿಸುತ್ತದೆ. ಕತ್ತಲಾಗುವ ಹೊತ್ತಿಗೆ ಅನೇಕರಲ್ಲಿ ಚಡಪಡಿಕೆ ಹೆಚ್ಚುವುದರಿಂದ, ಸಾಧ್ಯವಿದ್ದರೆ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ.

ಎರಡು ವಿಷಯಗಳಲ್ಲಿ ನಿಮ್ಮ ವಿವೇಚನೆಯನ್ನು ನೆಚ್ಚಬೇಡಿ. ಕೆಲವರಿಗೆ ನುಂಗುವುದು ಕಷ್ಟವಾಗಿರುತ್ತದೆ, ಆದ್ದರಿಂದ ಸಿಬ್ಬಂದಿಯನ್ನು ಕೇಳದೆ ನೀರನ್ನೂ ಕೊಡಬಾರದು. ಹಾಗೆಯೇ, ಹೋದ ವಾರ ಮಾತನಾಡುತ್ತಿದ್ದವರು ಈ ವಾರ ಮಂಕಾಗಿ ಕುಳಿತಿದ್ದರೆ ಅಥವಾ ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಿದ್ದರೆ, ಕಾಯಿಲೆ ಮುಂದುವರಿದಿದೆಯೆಂದು ನೀವೇ ತೀರ್ಮಾನಿಸದೆ ದಾದಿಯರಿಗೆ ತಕ್ಷಣ ತಿಳಿಸಿ. ಮೂತ್ರನಾಳದ ಅಥವಾ ಶ್ವಾಸಕೋಶದ ಸೋಂಕು ಕೂಡ ಹೀಗೆ ಮಾಡುತ್ತದೆ, ಮತ್ತು ಅದಕ್ಕೆ ಚಿಕಿತ್ಸೆಯಿದೆ.

ಹೋದ ಕೂಡಲೇ ನಿಮ್ಮ ಚೀಲ, ಛತ್ರಿಗಳನ್ನು ಸಿಬ್ಬಂದಿಯ ಕೋಣೆಯಲ್ಲಿ ಇಟ್ಟುಬಿಡಿ. ಹೊರಡುವಾಗ ಅವು ಕೈಯಲ್ಲಿ ಕಂಡರೆ, ತಾವೂ ಮನೆಗೆ ಹೋಗುವ ಹೊತ್ತಾಯಿತೆಂದು ಯಾರಾದರೊಬ್ಬರು ಎದ್ದು ನಿಮ್ಮ ಹಿಂದೆಯೇ ಬಾಗಿಲವರೆಗೆ ಬಂದುಬಿಡುತ್ತಾರೆ.