ಹೊಸದನ್ನು ಬೇಗ ಒಪ್ಪದವರೆಲ್ಲ ಹಠಮಾರಿಗಳಾ?

ಇಲ್ಲ. ಅನುಮಾನ ಬೇರೆ, ಹಠ ಬೇರೆ. ನಮ್ಮ ಬೆಳಗಾವಿಯ ಕತೆಯನ್ನೇ ನೋಡಿ. 1888ರಲ್ಲಿ ಇಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಎಂದು ರೈತರು ಹಿಂಜರಿದರು. ಮೊದಲ ನೇಗಿಲು ಮಾರಲು ಸುಮಾರು ಎರಡು ವರ್ಷ ಹಿಡಿಯಿತಂತೆ. ಆ ರೈತರನ್ನು ದಡ್ಡರು ಅನ್ನಲು ನನಗೆ ಮನಸ್ಸಿಲ್ಲ. ಬೆಳೆ ಕೈಕೊಟ್ಟರೆ ವರ್ಷದ ಊಟವೇ ಹೋಗುತ್ತಿತ್ತು, ಅಲ್ವಾ? ಆಮೇಲೆ ಅದೇ ರೈತರು ಕೊಂಡರು.

ನಿಜವಾದ ಹಠ ಬೇಕೆಂದರೆ ದೊಡ್ಡ ವಿಜ್ಞಾನಿಯಲ್ಲೇ ಸಿಗುತ್ತದೆ. ಹರಳು ಅಂದಮೇಲೆ ಒಳಗಿನ ಜೋಡಣೆ ಒಂದೇ ಥರ ಮರುಕಳಿಸಲೇಬೇಕು ಎಂದು ನಂಬಿದ್ದ ಕಾಲ. 1982ರಲ್ಲಿ ಇಸ್ರೇಲಿನ ವಿಜ್ಞಾನಿ ಡಾನ್ ಶೆಕ್ಟ್‌ಮನ್, ಪರಮಾಣುಗಳ ಜೋಡಣೆ ಕ್ರಮಬದ್ಧವಾಗಿದ್ದರೂ ಮರುಕಳಿಸದ ಹರಳೊಂದನ್ನು ಕಂಡರು. ಬೇರೆ ಲ್ಯಾಬುಗಳಲ್ಲೂ ಅದೇ ಕಂಡಿತು. ಆದರೂ ಎರಡು ನೊಬೆಲ್ ಪಡೆದಿದ್ದ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ 1994ರಲ್ಲಿ ಸಾಯುವವರೆಗೂ ಒಪ್ಪಲಿಲ್ಲ. ಶೆಕ್ಟ್‌ಮನ್‌ಗೆ 2011ರಲ್ಲಿ ನೊಬೆಲ್ ಬಂತು.

ಹಾಗಂತ ಹೇಳಿದ್ದನ್ನೆಲ್ಲ ಸುಮ್ನೆ ನಂಬೋದು ತೆರೆದ ಮನಸ್ಸಲ್ಲ. "ಏನು ತೋರಿಸಿದರೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ?" ಎಂದು ಕೇಳಿ. ಹಠದವರ ಬಳಿ ಉತ್ತರ ಇರುವುದಿಲ್ಲ. ತತ್ವಶಾಸ್ತ್ರದಲ್ಲಿ ಹೀಗೆ ತೋರಿಸಲು ಪ್ರಯೋಗ ಇಲ್ಲವಲ್ಲ, ಅಲ್ಲಿ ಎದುರಾಳಿಯ ವಾದವನ್ನು ಮೊದಲು ಸರಿಯಾಗಿ ಹೇಳಿ, ಆಮೇಲೆ ಉತ್ತರ ಕೊಡುವ ಪೂರ್ವಪಕ್ಷದ ಪದ್ಧತಿ ನಮ್ಮಲ್ಲಿ ಹಳೆಯದು.